ಬೀದಿಯ ಬಾಯಿಗೆ ಕೂಡಿಸಿದ ದೇವರು

ನನ್ನ ತವರು ಮುಧೋಳದ ಹತ್ತಿರದ ಸಣ್ಣ ಹಳ್ಳಿ. ಸೇಡಂ ತಾಲೂಕಿನ ಆ ಅಂಚಿನಲ್ಲಿ ತೆಲುಗು ಸೀಮೆ ಕೂಗಿದರೆ ಕೇಳುವಷ್ಟು ಸಮೀಪ. ನಮ್ಮ ಮಾತಿನಲ್ಲಿ ಯಾವುದು ನಮ್ಮ ಶಬ್ದ, ಯಾವುದು ಅವರದು ಎಂದು ನಮಗೇ ಗೊತ್ತಾಗುತ್ತಿರಲಿಲ್ಲ. ಲಗ್ನವಾಗಿ ವಾಡಿಗೆ ಬಂದಾಗ ಅಂಥ ಒಂದು ಶಬ್ದ ನನ್ನ ಸಂಗಡ ಬಂತು: ವೀಧಿಪೋಟು. ಬೀದಿಯೊಂದು ನೆಟ್ಟಗೆ ಬಂದು ಮನೆಯ ತಲೆಬಾಗಿಲಿಗೆ ಬಡಿದರೆ ಅದು ಈಟಿಯಂತೆ ಮನೆಯನ್ನು ಇರಿಯುತ್ತದೆ, ಆ ಮನೆಯಲ್ಲಿ ಕೂಸು ನಿಲ್ಲುವುದಿಲ್ಲ ಎಂದು ನಮ್ಮವರ ನಂಬಿಕೆ. ಕನ್ನಡದಲ್ಲಿ ಬೀದಿ ಕುತ್ತು ಎನ್ನುತ್ತಾರಂತೆ. ಆದರೆ ಪೋಟು ಎಂದರೆ ಇರಿತ. 

ಮೈಸೂರು ರಾಜ್ಯವಾಗಿ ಎರಡು ಮೂರು ವರ್ಷ ಕಳೆದಿರಬೇಕು. ವಾಡಿ ಎಂದರೆ ಆಗ ರೈಲು ಸ್ಟೇಷನ್ನು, ಕಲ್ಲಿನ ಗಣಿ, ನಡುವೆ ಒಂದು ಬಜಾರು, ಇಷ್ಟೇ. ನನ್ನ ಯಜಮಾನರು ಗೌಂಡಿ. ಮಂದಿಗೆಲ್ಲ ಮನೆ ಕಟ್ಟಿಕೊಡುವವರಿಗೆ ಸ್ವಂತದ್ದೆಂದು ಇದ್ದದ್ದು ಅಣ್ಣತಮ್ಮಂದಿರ ನಡುವೆ ಒಂದು ಕೋಣೆ. ಅಷ್ಟರಲ್ಲಿ ಒಬ್ಬ ಸಾವಕಾರರು ತಮ್ಮ ತೊಗರಿ ಹೊಲವನ್ನು ಪ್ಲಾಟು ಮಾಡಿದರು. ಹಗ್ಗ ಹಿಡಿದು, ಸುಣ್ಣದ ಪುಡಿ ಚೆಲ್ಲಿ, ಇದು ಮನೆ ಇದು ರಸ್ತೆ ಎಂದು ಗೆರೆ ಹಾಕಿದರು. ಆ ಹೊಲದ ಮೂಡಲಿಗೆ ಕಲ್ಲು ತೆಗೆದು ಬಿಟ್ಟ ಗಣಿಯ ಗುಂಡಿ, ಪಡುವಲಿಗೆ ಕಲ್ಲು ತುಂಬುವ ಗೂಡ್ಸ್ ಗಾಡಿ ನಿಲ್ಲುವ ರೈಲು ಹಳಿ, ತೆಂಕಲಿಗೆ ಬಜಾರು. ಬಡಗಲಿಗೆ ಹೊಲದ ಬದು, ಅದರಾಚೆ ಬೇರೆಯವರ ತೊಗರಿ. ನಡುವಿನ ರಸ್ತೆ ಆ ಬದುವಿನಿಂದ ನೆಟ್ಟಗೆ ಬಂದು ನಾವು ಕೊಂಡ ಪ್ಲಾಟಿಗೆ ಮುಟ್ಟಿ, ಅಲ್ಲಿಂದ ಹೊರಳಿ ಬಜಾರಿಗೆ ಹೋಗುತ್ತಿತ್ತು. ಬದುವನ್ನು ಒಂದು ಬಂಡಿ ಹಾಯುವಷ್ಟು ಒಡೆಸಿಟ್ಟಿದ್ದರು.

ಬದು ಯಾಕೆ ಒಡೆದಿರಿ ಎಂದು ಯಜಮಾನರು ಕೇಳಿದ್ದಕ್ಕೆ ಸಾವಕಾರರು ಹೇಳಿದ ಮಾತು ನನಗಿನ್ನೂ ನೆನಪಿದೆ. “ಇವತ್ತ ಆ ಕಡಿ ತೊಗರಿ ಅದ. ನಾಳಿ ಅಲ್ಲೂ ಮನಿ ಏಳತಾವ. ಅವರ ರಸ್ತಾ ಬಂದು ನಮ್ಮ ರಸ್ತಾಕ್ಕ ಕೂಡಬೇಕು. ಕೂಡಲಿಲ್ಲಂದ್ರ ಅದು ಊರಲ್ಲ, ದನದ ದೊಡ್ಡಿ.”

ನಾನು ಆ ಮಾತಿಗೆ ಕಿವಿಗೊಡಲಿಲ್ಲ. ನನ್ನದೇ ಒಲೆ, ನನ್ನದೇ ಅಂಗಳ, ನನ್ನದೇ ತುಳಸಿ ಕಟ್ಟೆ ಎಂಬ ಹಿಗ್ಗಿನಲ್ಲಿದ್ದೆ.

ಯಜಮಾನರು ಅಲ್ಲಿ ಕಟ್ಟಿದ ಮನೆಗೆ ಹೋದ ಎರಡು ವರ್ಷಗಳಲ್ಲಿ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಯಿತು. ಎರಡನೆಯ ಸಲ ಐದು ತಿಂಗಳು ತುಂಬಿತ್ತು. ಆರೈಕೆಗೆಂದು ನಮ್ಮವ್ವ ಬಂದಳು. ಹೊಸಿಲು ದಾಟುವ ಮೊದಲು ಹಿಂದೆ ತಿರುಗಿ ನೋಡಿ, ಕೈಯಲ್ಲಿದ್ದ ಗಂಟನ್ನು ಹಾಗೇ ನೆಲಕ್ಕಿಟ್ಟಳು.

“ಎವ್ವಾ, ಇದು ವೀಧಿಪೋಟು ಅಲ್ಲೇನ? ಆ ಬದುವಿನ ಬಾಯಿಂದ ಹೊಂಟದ್ದು ನೆಟ್ಟಗ ನಿನ್ನ ಹೊಟ್ಟಿಗೇ ಬಂದು ನಟ್ಟದ.”

ಯಜಮಾನರು ನಕ್ಕರು. “ಅತ್ತೆವ್ವಾ, ರಸ್ತಾ ಅಂದ್ರ ಮಂದಿ ಬರೂದಕ್ಕ ಅದ. ಇರಿಯೂ ಬರ್ಚಿ ಅಲ್ಲ ಅದು.”

“ಗೌಂಡಿಗಿ ಗ್ವಾಡಿ ಕಾಣತದ, ಗಾಳಿ ಕಾಣಂಗಿಲ್ಲ” ಎಂದಳು ಅವ್ವ.

ಅವ್ವ ಹದಿನೈದು ದಿನ ಇದ್ದು ಹೋದಳು, ಆ ಶಬ್ದ ಹೋಗಲಿಲ್ಲ. ಬಾಗಿಲು ತೆರೆದರೆ ಸಾಕು, ಬದುವಿನ ಆ ಬಯಲು ನನ್ನನ್ನೇ ಗುರಿಯಿಟ್ಟು ಕೂತಂತೆ ಕಾಣುತ್ತಿತ್ತು. ತಲೆಬಾಗಿಲು ಮುಚ್ಚಿ ಹಿತ್ತಲಿನಿಂದ ಓಡಾಡತೊಡಗಿದೆ. ಕೊನೆಗೆ ಯಜಮಾನರೇ ಸೋತು ಏನು ಮಾಡಬೇಕು ಹೇಳು ಎಂದರು. ಬೀದಿಯ ಬಾಯಿಗೆ ಹಣಮಪ್ಪನನ್ನು ಕೂಡಿಸಬೇಕು, ಅವನು ತೆಂಕಲಿಗೆ ಮುಖ ಮಾಡಿದರೆ ಅವನ ಕಣ್ಣು ನಮ್ಮ ಬಾಗಿಲ ಮೇಲೆ ಇರುತ್ತದೆ, ಇರಿತವೆಲ್ಲ ಅವನ ಬೆನ್ನಿಗೆ ಎಂದೆ.

ಓಣಿಯವರಿಗೂ ಹಿಗ್ಗಾಯಿತು. ಹೊಸ ಬಡಾವಣೆಯಲ್ಲಿ ದೇವರಿಲ್ಲ ಎಂದು ಅವರಿಗೂ ಕೊರಗಿತ್ತು. ಗಣಿಯಿಂದ ಎದೆಯುದ್ದದ ದಪ್ಪ ಪರಸಿ ಹಾಸುಗಲ್ಲು ತಂದು, ಶಹಾಬಾದಿನ ಕಡೆಯ ಕಲ್ಲುಕುಟಿಗನಿಂದ ಅದರ ಮೇಲೆ ಹಣಮಪ್ಪನನ್ನು ಕೊರೆಸಿದೆವು. ಒಡೆದ ಬದುವಿನ ನಡುವೆ ಯಜಮಾನರು ತಾವೇ ಸೊಂಟದೆತ್ತರದ ಕಟ್ಟೆ ಕಟ್ಟಿದರು, ದೇವರ ಬೆನ್ನಿಗೆ ಒಂದು ಗೋಡೆ ಎಬ್ಬಿಸಿದರು. ಕಡೆಯ ಕಲ್ಲು ಇಡುವಾಗ ನನ್ನ ಕಡೆ ನೋಡಿ, “ಇನ್ನೊಂದು ಸಲ ವಿಚಾರ ಮಾಡು. ಮನಿ ಆದ್ರ ನಾ ಕಟ್ಟತೀನಿ, ಕೆಡವತೀನಿ. ಇದು ಹಂಗಲ್ಲ” ಎಂದರು. ನಾನು ಕೂಡಸ್ರಿ ಎಂದೆ.

ಮರುವರ್ಷ ನನ್ನ ಮಗಳು ಹುಟ್ಟಿದಳು. ಗುಂಡಗೆ, ಒಂದು ಊನವೂ ಇಲ್ಲದೆ, ಶನಿವಾರವೇ ಹುಟ್ಟಿದಳು. ಇದನ್ನು ನಾನು ಹೇಗೆ ಮರೆಯಲಿ? ಇವತ್ತು ಯಾರಾದರೂ ಬಂದು ಅದೆಲ್ಲ ಮೂಢತನ ಎಂದರೆ ನಾನು ವಾದಿಸುವುದಿಲ್ಲ, ಒಪ್ಪುವುದೂ ಇಲ್ಲ. ಕೂಸು ಕೈಗೆ ಬಂದದ್ದು ನಿಜ. ಅವಳ ಹಿಂದೆ ಬೇರೆ ಮಕ್ಕಳು ಆಗಲಿಲ್ಲ, ಒಬ್ಬಳನ್ನಾದರೂ ಕೊಟ್ಟನಲ್ಲ ಎಂದು ಪ್ರತಿ ಶನಿವಾರ ಎಣ್ಣೆ ಹಾಕಿ ಬರುತ್ತಿದ್ದೆ.

ಸಿಮೆಂಟಿನ ಕಾರ್ಖಾನೆ ಬಂದ ಮೇಲೆ ವಾಡಿ ಉಬ್ಬಿತು. ದಂಡೋತಿಯಿಂದ, ಚಿಂಚೋಳಿಯಿಂದ, ಎಲ್ಲೆಲ್ಲಿಂದಲೋ ಜನ ಬಂದರು. ತೊಗರಿ ಹೊಲ ಇದ್ದವರೆಲ್ಲ ಸುಣ್ಣದ ಪುಡಿ ಹಿಡಿದು ನಿಂತರು. ತಮ್ಮ ಹೊಲದ ಬದು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಅವರ ರಸ್ತೆಯೂ ಮುಗಿಯುತ್ತಿತ್ತು. ಬಾಚಣಿಗೆಯ ಹಲ್ಲಿನ ಹಾಗೆ ಓಣಿಗಳು ಹೋಗಿ ಹೋಗಿ ಅಲ್ಲಲ್ಲೇ ನಿಲ್ಲುತ್ತಿದ್ದವು, ಒಂದರ ತುದಿ ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ಶಹಾಬಾದಿನಲ್ಲಿರುವ ನನ್ನ ನಾದಿನಿಯ ಮನೆಯ ಕಡೆಯೂ ಇದೇ ಗತಿ. ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಬಡಾವಣೆಯವರಿಗೆ ಹಿಟ್ಟಿನ ಬಟ್ಟಲು ದಾಟಿಸುತ್ತಿದ್ದಳು, ಅವರ ಮನೆಗೆ ಹೋಗಬೇಕೆಂದರೆ ಊರು ಸುತ್ತಬೇಕಿತ್ತು.

ನಮ್ಮ ಬದುವಿನಾಚೆಯ ಹೊಲವನ್ನು ಚಿತ್ತಾಪುರದ ಕಡೆಯವರೊಬ್ಬರು ತೆಗೆದುಕೊಂಡು ಪ್ಲಾಟು ಹಾಕಿದರು. ಅವರು ಒಂದು ದಿನ ಬಂದು, ನಮ್ಮ ರಸ್ತೆಗೆ ತಮ್ಮದನ್ನು ಕೂಡಿಸಲಿಕ್ಕೆ ನೋಡಿದರಂತೆ. ಕಟ್ಟೆಯ ಮುಂದೆ ನಿಂತು ಕೈಮುಗಿದು, “ಇಲ್ಲಿ ದೇವರದಾನ, ದಾರಿ ಇಲ್ಲ” ಎಂದು ಹೇಳಿ ಹೊರಟುಹೋದರಂತೆ. ಅವರ ರಸ್ತೆ ಹಣಮಪ್ಪನ ಬೆನ್ನಿನವರೆಗೆ ಬಂದು ನಿಂತಿತು. ಕಟ್ಟೆಯ ಎಡಕ್ಕೆ ಉಳಿದಿದ್ದ ಸಂದಿಯಲ್ಲಿ ಒಬ್ಬರು ದನದ ಕೊಟ್ಟಿಗೆ ಎಬ್ಬಿಸಿದರು, ಬಲಕ್ಕೆ ಇನ್ನೊಬ್ಬರು ಅಡುಗೆ ಮನೆ ಚಾಚಿದರು. ಇಬ್ಬರ ಗೋಡೆಗಳೂ ದೇವರ ಗೋಡೆಗೇ ಆತುಕೊಂಡವು. ಯಾರೂ ಬೇಡ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ದೇವರಿಗೆ ಬಿಸಿಲು ತಪ್ಪಿತು ಎಂದುಕೊಂಡೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಒಂದೆರಡು ವರ್ಷಕ್ಕೆ ಬದುವಿನಾಚೆಯ ಆ ಬಡಾವಣೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಆಯಿತು. ಅದೇ ವರ್ಷ ನನ್ನ ಮಗಳು ಏಳನೆಯ ತರಗತಿ ಪಾಸಾಗಿದ್ದಳು. ಅವಳಿಗೆ ಓದಿನ ಹುಚ್ಚು. ಸಾಮಾನು ಕಟ್ಟಿಕೊಟ್ಟ ಕಾಗದವನ್ನೂ ಬಿಚ್ಚಿ, ಒತ್ತಿ ಸರಿಮಾಡಿ ಓದುತ್ತಿದ್ದಳು. ಮುಂದೆ ಏನಾಗುತ್ತೀ ಎಂದರೆ ಸಾಲಿ ಟೀಚರ್ ಎನ್ನುತ್ತಿದ್ದಳು, ಬೇರೆ ಮಾತೇ ಇಲ್ಲ. ಅವಳ ಹೆಸರು ಹಚ್ಚಿಸಿದ ದಿನ ನಾನು ಕಟ್ಟೆಗೆ ಹೋಗಿ ಕಾಯಿ ಒಡೆದೆ. ಒಡೆಯುವಾಗಲೇ ಗೋಡೆಯಾಚೆ ಸಾಲಿಯ ಗಂಟೆ ಕೇಳಿಸಿತು. ದೇವರ ಬೆನ್ನಿನಿಂದ ಇನ್ನೂರು ಹೆಜ್ಜೆ ಇರಬಹುದು, ಅಷ್ಟೇ.

ಆ ಇನ್ನೂರು ಹೆಜ್ಜೆಗೆ ಮಗಳು ನಡೆಯಬೇಕಾದದ್ದು ಮುಕ್ಕಾಲು ತಾಸು. ಮೊದಲು ತೆಂಕಲಿಗೆ ಬಜಾರು, ಅಲ್ಲಿ ರೈಲು ಗೇಟು ದಾಟಿ ಆಚೆಯ ದೊಡ್ಡ ರಸ್ತೆ ಹಿಡಿದು ಮತ್ತೆ ಬಡಗಲಿಗೆ ಬಂದು, ಹಳಿ ಮುಗಿದ ಮೇಲೆ ಮೂಡಲಿಗೆ ಹೊರಳಿ ಆ ಬಡಾವಣೆ ಹೊಗಬೇಕು. ಜೊತೆಗೆ ಪಕ್ಕದ ಮನೆಯ ಆಪಾನ ಮಗಳು ಇದ್ದಳು. ಆಪಾ ಎಂದರೆ ಅಕ್ಕ; ನಮ್ಮ ನೆರೆಯ ಮುಸಲ್ಮಾನರ ಮನೆಯಾಕೆ, ನನಗಿಂತ ನಾಲ್ಕು ವರ್ಷ ದೊಡ್ಡವಳು, ನನ್ನ ಬಾಣಂತನದಲ್ಲಿ ಕೂಸಿಗೆ ನೀರು ಹಾಕಿದವಳು. ಹುಡುಗಿಯರಿಬ್ಬರೂ ಬೆಳಿಗ್ಗೆ ಹೊರಟರೆ ಆಪಾ ಕಟ್ಟೆಯ ಕಡೆ ಕೈತೋರಿಸಿ ನಗುತ್ತಿದ್ದಳು.

“ತಂಗೀ, ನಿಮ್ಮ ಹಣಮಪ್ಪ ಸಮುದ್ರ ಜಿಗದಾನಂತ. ನಮ್ಮ ಪೋರಿಗೋಳ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಈ ಒಂದು ಗ್ವಾಡಿ ಜಿಗೀಲಿಕ್ಕ ಆಗಂಗಿಲ್ಲೇನ್ರಿ ಅವಂಗ?”

ನಾನೂ ನಗುತ್ತಿದ್ದೆ. ಗೇಟಿನಲ್ಲಿ ಗೂಡ್ಸ್ ಗಾಡಿ ನಿಂತರೆ ತಾಸುಗಟ್ಟಲೆ ನಿಲ್ಲುತ್ತಿತ್ತು. ತಡವಾದರೆ ಸಾಲಿಯಲ್ಲಿ ಹೊರಗೆ ನಿಲ್ಲಿಸುತ್ತಿದ್ದರು. ವಾರದಲ್ಲಿ ಮೂರು ದಿನ ಮಗಳು ಅಳುಮೋರೆ ಹಾಕಿಕೊಂಡು ಬರುತ್ತಿದ್ದಳು.

ಎರಡನೆಯ ತಿಂಗಳಲ್ಲಿ ಅವಳು ಅಳುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ನಿಧಾನವಾಗಿ ಉಂಡು, ತಲೆ ಬಾಚಿಕೊಂಡು, ಗಂಟೆಗೆ ಸ್ವಲ್ಪ ಮೊದಲು ಹೊರಡುತ್ತಿದ್ದಳು. ಆಪಾನ ಮಗಳೂ ಹಾಗೆಯೇ. ಗಾಡಿ ನಿಲ್ಲುವುದು ಕಡಿಮೆಯಾಗಿದೆ ಎಂದುಕೊಂಡು ಸಮಾಧಾನಪಟ್ಟೆ. ಒಂದು ಶನಿವಾರ ಕಟ್ಟೆಗೆ ಎಣ್ಣೆ ಹಾಕಲಿಕ್ಕೆ ಹೋದ ಓಣಿಯ ಮುದುಕಿ ನೆಟ್ಟಗೆ ನನ್ನ ಅಂಗಳಕ್ಕೆ ಬಂದಳು.

“ಏನವಾ, ಹರಕಿ ಹೊತ್ತು ಹಡದಾಕಿ, ನಿನ್ನ ಮಗಳು ಮಾಡೂದು ನೋಡಿಯೇನು? ಕಟ್ಟಿ ಏರಿ, ದೇವರ ನೆತ್ತಿ ಹಿಡ್ಕೊಂಡು ಗ್ವಾಡಿ ಜಿಗೀಲಿಕತ್ತಾಳ. ದೊಡ್ಡಾಕಿ ಆಗ್ಯಾಳ, ಮೈಲಿಗಿ ಮಡಿ ಅನ್ನೂದು ಕಲಿಸಿ ಇಲ್ಲೋ?”

ಸಂಜೆ ಮಗಳು ಬಂದ ಕೂಡಲೇ ಕೇಳಿದೆ. ಸುಳ್ಳು ಹೇಳಲಿಲ್ಲ. ಸೌಟು ತೆಗೆದುಕೊಂಡು ಹೊಡೆದೆ. ಕಾಲು ಇಟ್ಟೆಯಾ ದೇವರ ಮೇಲೆ, ಕಾಲು ಇಟ್ಟೆಯಾ ಎಂದು ಕೇಳುತ್ತ ಹೊಡೆದೆ.

“ಕಾಲ ಇಟ್ಟಿಲ್ಲವ್ವ, ಕೈ ಇಟ್ಟೀನಿ. ಎಂಟ ದಿನ ಆತು, ಅಂವಾ ಏನೂ ಅಂದಿಲ್ಲ. ಹೆಗಲ ಕೊಟ್ಟಾನ.”

 ಆ ಮಾತಿಗೆ ಮತ್ತೆರಡು ಹೊಡೆದೆ. ತಲೆಗೆ ನೀರು ಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟೆಯ ಮುಂದೆ ನಿಲ್ಲಿಸಿ ತಪ್ಪಾಯಿತೆಂದು ಹೇಳಿಸಿದೆ. ನಾನು ಕಲಿಸಿದಷ್ಟು ಹೇಳಿದಳು. ಕೊಟ್ಟಿಗೆಯವರು, ಅಡುಗೆ ಮನೆಯವರು ಎಲ್ಲರೂ ನಿಂತು ನೋಡಿದರು. ಯಜಮಾನರು ಕೆಲಸದಿಂದ ಬಂದವರು ಕೈಕಾಲು ತೊಳೆದುಕೊಂಡರು.

ಸೋಮವಾರದಿಂದ ಹುಡುಗಿಯರು ಮತ್ತೆ ಗೇಟಿನ ದಾರಿ ಹಿಡಿದರು.

ದಸರೆಯ ರಜೆ ಮುಗಿದು ಸಾಲಿ ತೆರೆದ ವಾರವದು. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಆಪಾನ ಮಗಳು ಓಣಿಯುದ್ದಕ್ಕೂ ನನ್ನನ್ನು ಕೂಗುತ್ತ ಬಂದಳು, “ಖಾಲಾ, ಖಾಲಾ, ಹೆದರಬ್ಯಾಡ್ರಿ, ಅಕಿಗಿ ಏನೂ ಆಗಿಲ್ಲ!”  ಹಿಟ್ಟಿನ ಕೈಯಲ್ಲೇ ಓಡಿದೆ. ಮಗಳು ಬಜಾರಿನ ತಿರುವಿನಲ್ಲಿ ನಡೆದು ಬರುತ್ತಿದ್ದಳು. ಮೊಣಕೈ ತರಚಿ ರಕ್ತ, ಲಂಗದ ತುಂಬ ಎಣ್ಣೆಯ ಕರಿ. ಕೈಯಲ್ಲಿ ಅರ್ಧ ಚೀಲ.

ಗೇಟಿಗೆ ಅಡ್ಡವಾಗಿ ಗೂಡ್ಸ್ ಗಾಡಿ ನಿಂತಿತ್ತಂತೆ. ಕಾದು ಕಾದು ಎಲ್ಲರೂ ಮಾಡುವಂತೆ ಇವರೂ ಡಬ್ಬಿಗಳ ಅಡಿಯಲ್ಲಿ ನುಸುಳಿದರಂತೆ. ಆಪಾನ ಮಗಳು ಆಚೆ ಹೋಗಿದ್ದಳು. ನನ್ನ ಮಗಳ ಚೀಲದ ಪಟ್ಟಿ ಕೆಳಗೆ ಯಾವುದೋ ಕಬ್ಬಿಣಕ್ಕೆ ಸಿಕ್ಕಿತು. ಅಷ್ಟರಲ್ಲಿ ಗಾಡಿ ಜಗ್ಗಿತು. ಸೀಟಿ ಹೊಡೆಯಲೂ ಇಲ್ಲ. ಹಳಿಯ ಬದಿಯಲ್ಲಿ ಕೆಲಸ ಮಾಡುತ್ತಿದ್ದ ಯಾರೋ ಪುಣ್ಯಾತ್ಮ ಅವಳ ಜಡೆ ಹಿಡಿದು ಹೊರಗೆಳೆದನಂತೆ. ಚೀಲದ ಮೇಲೆ ಗಾಲಿ ಹಾಯಿತು.

ಜಡೆ ಉದ್ದ ಇತ್ತಲ್ಲ ಎಂದುಕೊಂಡೆ. ಬೆಳಿಗ್ಗೆ ನಾನೇ ಗಟ್ಟಿಯಾಗಿ ಹೆಣೆದಿದ್ದೆನಲ್ಲ ಎಂದುಕೊಂಡೆ. ಹೀಗೆ ಒಂದೊಂದೇ ಎಣಿಸುತ್ತ ಮನೆಯವರೆಗೆ ಬಂದು, ಹೊಸಿಲಲ್ಲಿ ಅವಳನ್ನು ಕೂಡಿಸಿ ಮೊಣಕೈ ತೊಳೆದೆ.

ಯಜಮಾನರು ಆ ಅರ್ಧ ಚೀಲವನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಒಳಗೆ ಭೂಗೋಳದ ಪುಸ್ತಕ ಅರ್ಧ ಇತ್ತು. “ಸಾಲಿ ಸಾಕು” ಎಂದರು. ಮಗಳು ಅವರ ಮುಂದೆ ಕುಳಿತು ಬೇಡಿಕೊಂಡಳು. ಇನ್ನು ಮೇಲೆ ನುಸುಳುವುದಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತೇನೆ, ಹೊರಗೆ ನಿಲ್ಲಿಸಿದರೆ ನಿಲ್ಲುತ್ತೇನೆ ಎಂದಳು. ಅವರು ತಲೆ ಎತ್ತಲಿಲ್ಲ. “ಇದ್ದಾಕಿ ನೀ ಒಬ್ಬಾಕಿ” ಎಂದಷ್ಟೇ ಹೇಳಿ ಎದ್ದುಹೋದರು. ಆಪಾನ ಗಂಡ ತಮ್ಮ ಮಗಳನ್ನು ಚಿತ್ತಾಪುರಕ್ಕೆ, ತಂಗಿಯ ಮನೆಗೆ ಓದಲು ಕಳಿಸಿದರು. ನಮಗೆ ಅಲ್ಲಿ ಯಾರೂ ಇರಲಿಲ್ಲ.

ಆಗ ನನಗೆ ಧೈರ್ಯ ಬಂತು. ತಡವಾಗಿ ಬಂತು. ಶನಿವಾರ ಸಂಜೆ ಮಂಗಳಾರತಿ ಆದ ಮೇಲೆ ಓಣಿಯ ಹಿರಿಯರೆಲ್ಲ ಕಟ್ಟೆಯ ಸುತ್ತ ಇರುವಾಗ, ಸೆರಗು ಹೊದ್ದು ಮುಂದೆ ಹೋಗಿ ನಿಂತೆ. ಜನ್ಮದಲ್ಲಿ ಮೊದಲ ಸಲ ಅಷ್ಟು ಗಂಡಸರ ಮುಂದೆ ಮಾತಾಡಿದ್ದು.

“ಯಪ್ಪಾ, ದೇವರ್ನ ತೆಗೀರಿ ಅಂತ ನಾ ಅನ್ನಂಗಿಲ್ಲ. ಮೂರು ಮೊಳ ಬಾಜೂಕ ಸರಸ್ರಿ. ಒಂದು ಆಳು ಹಾಯೂವಷ್ಟು ದಾರಿ ಆದ್ರ ಸಾಕು. ಪೋರಿಗೋಳು ಸಾಲಿಗಿ ಹೋಗತಾವ.”

ಯಜಮಾನರು ನನ್ನ ಹಿಂದೆ ಬಂದು ನಿಂತದ್ದು ಗೊತ್ತೇ ಆಗಿರಲಿಲ್ಲ. “ನಾನೇ ಕಟ್ಟೀನಿ. ಒಂದು ಕಲ್ಲಿಗಿ ಮುಕ್ಕಾಗದಂಗ ನಾನೇ ಸರಸ್ತೀನಿ” ಎಂದರು.

 ಮೂರು ಮೊಳ ಸರಿಸಿದರೆ ಒಂದೋ ಕೊಟ್ಟಿಗೆ ಹೋಗಬೇಕು, ಇಲ್ಲವೇ ಅಡುಗೆ ಮನೆ ಹೋಗಬೇಕು. ಅದು ಎಲ್ಲರಿಗೂ ಗೊತ್ತಿತ್ತು, ಆದರೆ ಕೊಟ್ಟಿಗೆಯ ಮಾತು ಯಾರೂ ಎತ್ತಲಿಲ್ಲ. ಕೊಟ್ಟಿಗೆಯ ಯಜಮಾನನೇ ಮೊದಲು ಬಾಯಿ ತೆರೆದ.

“ತಂಗೀ, ಆ ಕಡಿ ಮಂದಿ ಯಾರೋ ಏನೋ. ದಾರಿ ಬಿಟ್ರ ಹಗಲೂ ರಾತ್ರಿ ನಮ್ಮ ಓಣ್ಯಾಗ ಹಾಯ್ತಾರ. ಈಗ ನೋಡು, ಎಷ್ಟು ನಿವಾಂತ ಅದ.”

ಇನ್ನೊಬ್ಬ ಚೇಷ್ಟೆಯವ, “ಸಾಲಿಗಿ ಮಗಳು ಹೋಗವಲ್ಲಳು ಅಂತ ಹಣಮಪ್ಪಗೇ ಟೀಸಿ ಕೊಡ್ಲಿಕ್ಕ ಬಂದಾಳ ನೋಡ್ರೋ ಅಕ್ಕ” ಎಂದ. ಎಲ್ಲರೂ ನಕ್ಕರು. ಮಕ್ಕಳೂ ನಕ್ಕವು.

ಎಲ್ಲರಿಗಿಂತ ಹಿರಿಯರಾದ ಅಜ್ಜ ನಗಲಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. “ಎವ್ವಾ, ಅಕಿನ್ನ ಕೊಟ್ಟಾಂವ ಇಂವಾನೇ. ಕೊಟ್ಟಾಂವಗ ನೀ ಬಾಜೂಕ ಸರಿ ಅಂತೀ? ಹೋಗು, ಮನಸಿನ್ಯಾಗ ಇಟ್ಕೋಬ್ಯಾಡ. ಹೆಣ್ಣ ಕೂಸು, ಇವತ್ತಿಲ್ಲ ನಾಳಿ ಒಲಿ ಮುಂದ ಕುಂದ್ರೂದೇ ಅದ.”

ಅವರ ಮಾತು ಕೆಟ್ಟದ್ದಾಗಿರಲಿಲ್ಲ. ಅದೇ ಕಷ್ಟ. ಇಡೀ ಊರು ನನ್ನ ನಂಬಿಕೆಯನ್ನೇ ಎತ್ತಿ ನನಗೇ ಹಿಂದಿರುಗಿ ಕೊಟ್ಟಿತು. ನನಗೆ ಜಗಳವಾಡಲು ಯಾರೂ ಉಳಿಯಲಿಲ್ಲ. ಹಣಮಪ್ಪನ ಕಡೆ ನೋಡಿದೆ. ಅವನ ಕಣ್ಣು, ನಾನು ಬೇಡಿಕೊಂಡಂತೆಯೇ, ನನ್ನ ಬಾಗಿಲ ಮೇಲಿತ್ತು.

ಗಂಟೆ ದಿನವೂ ಕೇಳುತ್ತಿತ್ತು. ಗಂಟೆಯ ನಂತರ ಹುಡುಗಿಯರ ಪ್ರಾರ್ಥನೆ. ಮಗಳು ಮುಸುರೆ ತಿಕ್ಕುತ್ತಿದ್ದರೆ ಅಷ್ಟು ಹೊತ್ತು ಕೈ ನಿಲ್ಲಿಸುತ್ತಿದ್ದಳು, ಪ್ರಾರ್ಥನೆ ಮುಗಿದ ಮೇಲೆ ಮತ್ತೆ ತಿಕ್ಕುತ್ತಿದ್ದಳು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಶನಿವಾರ ಎಣ್ಣೆಯ ಬಟ್ಟಲು ಕೈಗೆ ಕೊಟ್ಟರೆ ಹೋಗಿ ಹಾಕಿ ಬರುತ್ತಿದ್ದಳು. ಹೊಲಿಗೆ ಕಲಿತಳು, ಹಪ್ಪಳ ಕಲಿತಳು. ಕೈ ಚೆನ್ನಾಗಿದೆ, ಆರೋಗ್ಯ ಚೆನ್ನಾಗಿದೆ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಮಾಡಲಿಕ್ಕೆ ನನಗೆ ಅದೊಂದೇ ಉಳಿದಿತ್ತು.

ಮೂರನೆಯ ವರ್ಷ ಆಡಕಿಯಿಂದ ಹೆಣ್ಣು ನೋಡಲು ಬಂದರು. ಒಳ್ಳೆಯ ಜನ, ಹೊಲ ಮನೆ ಇದ್ದವರು, ದೊಡ್ಡ ಬಾಯಿ ಇಲ್ಲದವರು. ಚಾಪೆ ಹಾಸಿ ಕೂಡಿಸಿದೆವು. ಮಗಳು ಅವಲಕ್ಕಿಯ ತಾಟು ತಂದಿಟ್ಟು ಗೋಡೆಗೆ ಆತು ಕುಳಿತಳು. ಗಂಡಿನ ಅವ್ವ ಅವಳ ಗಲ್ಲ ಹಿಡಿದು ನೋಡಿ ನನ್ನನ್ನು ಕೇಳಿದಳು.

“ಎಷ್ಟು ಕಲ್ತಾಳ್ರೀ, ಬೀಗತಿ?”

ಆಗಲೇ ಬೀಗತಿ ಎಂದು ಕರೆದದ್ದಕ್ಕೆ ನನ್ನ ಎದೆ ತುಂಬಿಬಂತು. ಆ ಸಂತೋಷದಲ್ಲಿ ಸ್ವಲ್ಪ ಎತ್ತರಿಸಿ ಹೇಳಿದೆ. “ಎಂಟನೇತ್ತ ಮುಗಸ್ಯಾಳ್ರಿ.”

ಮಗಳು ಅಲ್ಲಿಯವರೆಗೆ ನೆಲ ನೋಡುತ್ತಿದ್ದವಳು ತಲೆ ಎತ್ತಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

“ಮುಗಿಸಿಲ್ರಿ. ನಾಕ ತಿಂಗಳು ಹೋಗೀನಿ.”

ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಆ ತಾಯಿ ನಕ್ಕು, ಸುಳ್ಳು ಬಾರದ ಹುಡುಗಿ, ನಮಗೆ ಇಂಥವಳೇ ಬೇಕು ಎಂದಳು. ಯಜಮಾನರು ಹೊರಗೆ ಎದ್ದುಹೋದರು. ನಾನು ಎಲೆ ಅಡಿಕೆಯ ತಬಕನ್ನು ಬೀಗರ ಮುಂದೆ ಸರಿಸಿದೆ.